ಆರು ವರ್ಷದ ಮಂಕರಿ ಲೆಕ್ಕ

ಸರ್ಕಾರದವರು ಹೊಲದ ಮಣ್ಣು ಪರೀಕ್ಷೆ ಮಾಡಿ ಕೊಡುವ ಮಣ್ಣು ಆರೋಗ್ಯ ಚೀಟಿ ನಮ್ಮ ಮನೆಯಲ್ಲಿ ಎರಡು ವರ್ಷ ರಾಗಿಹಿಟ್ಟಿನ ಡಬ್ಬದ ಮುಚ್ಚಳಕ್ಕೆ ಒತ್ತಾಗಿ ಕೂತಿತ್ತು. ಮುಚ್ಚಳ ಸಡಿಲ. ನಮ್ಮತ್ತೆ ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸಂದಿಗೆ ಸಿಕ್ಕಿಸಿದ್ದರು. 2018ರ ಯುಗಾದಿಗೆ ನಾದಿನಿ ಮಗಳು ಬಂದಿದ್ದಳು. ಆಗ ಅವಳು ಮಂಡ್ಯದ ವಿ.ಸಿ. ಫಾರ್ಮ್‌ನ ಕೃಷಿ ಕಾಲೇಜಿನಲ್ಲಿ ಓದುತ್ತಿದ್ದಳು. ರೊಟ್ಟಿಗೆ ಹಿಟ್ಟು ತೆಗೆಯಲು ಹೋದವಳು ಕಾಗದ ಬಿಡಿಸಿಕೊಂಡು ಅಡುಗೆಮನೆ ಬಾಗಿಲಲ್ಲೇ ಕೂತುಬಿಟ್ಟಳು.

"ಅತ್ತೆ, ನಿಮ್ಮ ಹೊಲದಲ್ಲಿ ಸಾವಯವ ಇಂಗಾಲ 0.44 ಅಂತ ಇದೆ. ಕಡಿಮೆ ಅಂತ ಬರೆದಿದ್ದಾರೆ. ನೋಡಿದ್ರಾ?"

ನಾನು ನೋಡಿರಲಿಲ್ಲ. ಯೂರಿಯಾ ಎಷ್ಟು, ಡಿಎಪಿ ಎಷ್ಟು ಅನ್ನುವ ಸಾಲು ಓದಿ ಬಿಟ್ಟಿದ್ದೆ. ನಮ್ಮತ್ತೆ ಒಲೆ ಮುಂದಿನಿಂದಲೇ ಕೇಳಿದರು, "ಇಂಗಾಲ ಅಂದ್ರೆ ಇದ್ಲಾ ಕಣಮ್ಮಿ? ಇದ್ಲು ತಗೊಂಡೋಗಿ ಹೊಲಕ್ಕೆ ಸುರೀಬೇಕಾ?"

ನಗು ಬಂತು. ಆದರೆ ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ. ಕೊಳೆತ ಎಲೆ, ಬೇರು, ಸಗಣಿ, ಸತ್ತ ಹುಳ, ಇವೆಲ್ಲ ಮಣ್ಣಲ್ಲಿ ಉಳಿಸಿ ಹೋಗುವ ಕಪ್ಪು ಸಾರವೇ ಅದು ಅಂತ ಹುಡುಗಿ ಹೇಳಿದಳು. ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ 'ಕಡಿಮೆ', 0.75ರವರೆಗೆ 'ಮಧ್ಯಮ', ಅದಕ್ಕಿಂತ ಮೇಲಾದರೆ 'ಹೆಚ್ಚು'. ಇನ್ನೊಂದು ಮಾತೂ ಹೇಳಿದಳು. ಮಳೆ ನಂಬಿದ ಹೊಲಗಳಲ್ಲಿ ಆ ಚೀಟಿಗೆ 10 ಹೆಕ್ಟೇರ್‌ಗೆ ಒಂದು ಜಾಗದಿಂದ ಮಣ್ಣು ತೆಗೆಯುತ್ತಾರಂತೆ. ಅಂದರೆ ಸುಮಾರು 25 ಎಕರೆಗೆ ಒಂದು ಮಾದರಿ. ಹಾಗಾದರೆ ಆ 0.44 ನಮ್ಮ ಹೊಲದ್ದೋ, ಪಕ್ಕದವರದ್ದೋ? ಎರಡು ವರ್ಷ ಡಬ್ಬದ ಮುಚ್ಚಳ ಬಿಗಿ ಮಾಡಿದ್ದು ಯಾರ ಮಣ್ಣಿನ ಜಾತಕವೋ!

ಮಂಡ್ಯ ಅಂದರೆ ಎಲ್ಲರಿಗೂ ಕೆಆರ್‌ಎಸ್ ನಾಲೆ, ಕಬ್ಬು, ಭತ್ತ ನೆನಪಾಗುತ್ತದೆ. ನಮ್ಮದು ನಾಗಮಂಗಲ ತಾಲೂಕು. ನಾಲೆ ನಮ್ಮ ಊರಿನ ಕಡೆ ತಿರುಗಿಯೂ ನೋಡಿಲ್ಲ. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸು ಮಳೆ, ಅದೂ ಬಂದರೆ. ಕೆಂಪು ಗರಸು ಮಣ್ಣು. ಮನೆ ಹತ್ತಿರ ಎರಡು ಎಕರೆ, ಊರಾಚೆ ಬೋರೆ, ಅಂದರೆ ದಿಬ್ಬದ ಮೇಲೆ ಎರಡು ಎಕರೆ. ರಾಗಿ, ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ತಡವಾದ ವರ್ಷ ಹುರುಳಿ. ಕೊಟ್ಟಿಗೆಯಲ್ಲಿ ಎರಡು ಸೀಮೆಹಸು, 14 ಬನ್ನೂರು ಕುರಿ, ಒಂದಷ್ಟು ನಾಟಿ ಕೋಳಿ. ಹಳ್ಳಿಕಾರ್ ಜೋಡಿ ಒಂದಿತ್ತು, 2016ರಲ್ಲಿ ಮಾರಿದೆವು. ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಹೀಗಾಗಿ ಕೊಟ್ಟಿಗೆ, ತಿಪ್ಪೆ, ಹೊಲ ಎಲ್ಲ ನನ್ನ ಮತ್ತು ನಮ್ಮತ್ತೆಯ ತಲೆ ಮೇಲೆ.

ಯುಗಾದಿ ಮುಗಿದ ವಾರದಲ್ಲಿ ನಾವೇ ಮಣ್ಣು ತೆಗೆದೆವು. ಕಷ್ಟದ ಕೆಲಸ ಏನಲ್ಲ, ಆದರೆ ಸೋಮಾರಿತನ ಮಾಡಿದರೆ ಪೂರ್ತಿ ದಂಡ. ಮೇಲಿನ ಕಸಕಡ್ಡಿ ಸರಿಸಿ, ಗುದ್ದಲಿಯಿಂದ ಅರ್ಧ ಅಡಿ ಆಳಕ್ಕೆ 'ವಿ' ಆಕಾರದ ಗುಂಡಿ ತೆಗೆದು, ಗುಂಡಿಯ ಪಕ್ಕದ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಇಂಚು ದಪ್ಪಕ್ಕೆ ಮಣ್ಣು ಕೆರೆದುಕೊಳ್ಳಬೇಕು. ಬದು, ಮರದ ನೆರಳು, ಗೊಬ್ಬರ ಸುರಿದ ಜಾಗ ಬಿಟ್ಟು ಹೊಲದ ತುಂಬ ಹತ್ತು ಹನ್ನೆರಡು ಕಡೆ ಹೀಗೆ. ಎಲ್ಲ ಬೆರೆಸಿ, ಗೋಣಿ ಮೇಲೆ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರು ಎರಡು ಪಾಲು ಆಚೆ ಹಾಕಬೇಕು. ಅರ್ಧ ಕೆಜಿ ಉಳಿಯುವವರೆಗೆ ಇದೇ ಆಟ. ಆಮೇಲೆ ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ. ಎರಡು ಹೊಲಕ್ಕೆ ಎರಡು ಚೀಲ.

ಫಲಿತಾಂಶ ಬಂತು. ಮನೆ ಹೊಲ 0.38. ಬೋರೆ ಹೊಲ 0.36.

ಸಂಜೆ ಜಗಲಿ ಮೇಲೆ ಕೂತು ಹುಡುಗಿ ಲೆಕ್ಕ ಹಾಕಿ ತೋರಿಸಿದಳು. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ತೂಗಿದರೆ ಸುಮಾರು 9 ಲಕ್ಷ ಕೆಜಿ. ಅದರಲ್ಲಿ ಶೇಕಡಾ 0.1 ಏರಿಸಬೇಕು ಅಂದರೆ 900 ಕೆಜಿ ಇಂಗಾಲ ಅಲ್ಲಿ ಉಳಿಯಬೇಕು. ಹಾಕಬೇಕು ಅಲ್ಲ, ಉಳಿಯಬೇಕು. ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಇಂಗಾಲ ಅಂತ ಇರುವುದು ಸುಮಾರು 130, 140 ಕೆಜಿ. ಹೊಲಕ್ಕೆ ಬಿದ್ದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ತಿಂದು ಉಸಿರು ಬಿಡುತ್ತವೆ. ಬಹುಪಾಲು ಗಾಳಿಗೆ ವಾಪಸ್. ಐದರಲ್ಲಿ ಒಂದು ಪಾಲು ಉಳಿದರೆ ಪುಣ್ಯ. ಅಂದರೆ ಎಕರೆಗೆ 0.1 ಏರಲು ಮೂವತ್ತು ಟನ್‌ಗೂ ಮೀರಿ ಗೊಬ್ಬರ ಬೇಕು. ಇರುವುದು ಕರಗುತ್ತಾ ಹೋಗುವ ಲೆಕ್ಕ ಬೇರೆ.

"ಮಂಕರೀಲಿ ಎಷ್ಟಾಯ್ತದೆ?" ಅಂತ ನಮ್ಮತ್ತೆ ಕೇಳಿದರು. ಮಂಕರಿ ಅಂದರೆ ಗೊಬ್ಬರ ಹೊರುವ ಬುಟ್ಟಿ, ನಮ್ಮದಕ್ಕೆ 15 ಕೆಜಿ ಹಿಡಿಯುತ್ತದೆ. ಎರಡು ಸಾವಿರ ಮಂಕರಿ ದಾಟಿತು. ಅವರು ಎದ್ದು ಹಸುವಿಗೆ ನೀರು ತೋರಿಸಲು ಹೋದರು.

ಆದರೂ ಅವರನ್ನು ಈ ದಾರಿಗೆ ತಂದಿದ್ದು ಒಂದು ಗಾಜಿನ ಲೋಟ. ಮಾರಮ್ಮನ ಗುಡಿ ಹಿಂದೆ ಹುಣಸೆ ಮರವಿದೆ. ಅಲ್ಲಿ ನೇಗಿಲು ಬಿದ್ದಿದ್ದು ಯಾರೂ ನೋಡಿಲ್ಲ. ಅಲ್ಲಿಂದ ಒಂದು ಹೆಂಟೆ, ನಮ್ಮ ಹೊಲದಿಂದ ಒಂದು ಹೆಂಟೆ ತಂದು ಎರಡು ಲೋಟ ನೀರಿಗೆ ಬಿಟ್ಟೆವು. ಹೊಲದ ಹೆಂಟೆ ನೋಡನೋಡುತ್ತ ಉದುರಿ ಕೆಂಪು ಕೆಸರಾಯಿತು. ಗುಡಿಯ ಹೆಂಟೆ ಮಧ್ಯಾಹ್ನದವರೆಗೂ ಹಾಗೇ ಕೂತಿತ್ತು, ನೀರು ತಿಳಿ. ಮಣ್ಣಿನ ಕಣಗಳನ್ನು ಅಂಟಿಸಿ ಹಿಡಿಯುವುದೇ ಈ ಕೊಳೆತ ಸಾರ. ಅದಿಲ್ಲದಿದ್ದರೆ ಮೊದಲ ಮಳೆಗೇ ಮೇಲ್ಮಣ್ಣು ಬಿಚ್ಚಿಕೊಂಡು ಹಳ್ಳ ಸೇರುತ್ತದೆ. ನಮ್ಮತ್ತೆ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಮಾರನೇ ಬೆಳಿಗ್ಗೆ ತಿಪ್ಪೆ ಹತ್ತಿರ ನಿಂತು ನನ್ನನ್ನು ಕರೆದರು.

ನಮ್ಮ ತಿಪ್ಪೆ ಮನೆ ಹಿಂದೆ, ಚರಂಡಿ ಪಕ್ಕ, ಬಟ್ಟ ಬಯಲಲ್ಲಿತ್ತು. ಬೇಸಿಗೆಯಲ್ಲಿ ಬಿಸಿಲಿಗೆ ಸೀದು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮೇ ತಿಂಗಳ ಮಳೆ ಹೊಡೆದರೆ ಅದರ ಬುಡದಿಂದ ಕಾಫಿ ಡಿಕಾಕ್ಷನ್ ಥರದ ನೀರು ಚರಂಡಿಗೆ ಇಳಿಯುತ್ತಿತ್ತು. ಅದನ್ನು ವರ್ಷವೂ ನೋಡುತ್ತಿದ್ದೆವು. ಗೊಬ್ಬರದ ಸತ್ವ ಹೊಲ ಕಾಣುವ ಮೊದಲೇ ಹೋಗುತ್ತಿದೆ ಅಂತ ತಲೆಗೆ ಹೋಗಿರಲಿಲ್ಲ. ಎಲ್ಲರೂ ಹೊಲದಲ್ಲಿ ಏನು ಮಾಡಬೇಕು ಅಂತ ಹೇಳುತ್ತಾರೆ. ನನ್ನ ಅನುಭವದಲ್ಲಿ ಒಣಭೂಮಿಯ ಇಂಗಾಲ ಸೋರುವುದು ಕೊಟ್ಟಿಗೆ ಮತ್ತು ತಿಪ್ಪೆಯ ನಡುವಿನ ಹತ್ತು ಹೆಜ್ಜೆಯಲ್ಲಿ. ಅದು ಹೆಂಗಸರ ಜಾಗ ಆದ್ದರಿಂದ ಸಭೆಗಳಲ್ಲಿ ಅದರ ಮಾತು ಬರುವುದಿಲ್ಲ ಅಂತ ನನ್ನ ಗುಮಾನಿ.

ಹೊಂಗೆ ಮರದ ನೆರಳಲ್ಲಿ ಹತ್ತು ಅಡಿ ಉದ್ದ, ಆರು ಅಡಿ ಅಗಲ, ಮೂರು ಅಡಿ ಆಳದ ಎರಡು ಗುಂಡಿ ತೆಗೆಸಿದೆವು. ಒಂದು ತುಂಬುವಾಗ ಇನ್ನೊಂದು ಮಾಗುತ್ತದೆ. ಸಗಣಿ, ಹಸು ತಿಂದು ಬಿಟ್ಟ ಹುಲ್ಲಿನ ಕಡ್ಡಿ, ಕುರಿ ಹಿಕ್ಕೆ, ಒಲೆ ಬೂದಿ ಸ್ವಲ್ಪ, ಮೇಲೊಂದು ತೆಳು ಪದರ ಮಣ್ಣು. ಬಚ್ಚಲ ನೀರು ಅದಕ್ಕೇ ಬಿಟ್ಟೆವು. ತುಂಬಿದ ಮೇಲೆ ಮಣ್ಣು, ಸಗಣಿ ಕಲಸಿ ಮೆತ್ತುತ್ತೇವೆ.

ಗಂಜಲದ್ದೇ ತಲೆನೋವು. ಕಲ್ಲು ಚಪ್ಪಡಿ ಮೇಲೆ ಬಿದ್ದದ್ದು ಹಾಗೇ ಆವಿಯಾಗುತ್ತಿತ್ತು. ಅದಕ್ಕೆ ಹಸುವಿನ ಕಾಲಡಿ ಒಣ ತರಗೆಲೆ ಹಾಸಲು ಶುರು ಮಾಡಿದೆ. "ಎಲೆ ಹಾಸಿದ್ರೆ ಉಣ್ಣೆ ಆಯ್ತದೆ ಕಣಮ್ಮಿ" ಅಂತ ನಮ್ಮತ್ತೆ ತಡೆದರು. ಮೂರು ದಿನ ಬಿಟ್ಟು ಅವರೇ ಹೇಳಿದರು, ಅವರ ಅತ್ತೆ ಕಾಲದಲ್ಲಿ ಹೊಂಗೆ ಸೊಪ್ಪು ಹಾಸುತ್ತಿದ್ದರಂತೆ. ಯೂರಿಯಾ ಬಂದ ಮೇಲೆ ಸೊಪ್ಪು ಹೊರುವುದು ನಿಂತಿತಂತೆ. "ಸೊಪ್ಪು ಹೊತ್ತು ಹೊತ್ತು ಕತ್ತು ಬಿದ್ದೋಗಿತ್ತು, ಯೂರಿಯಾ ಬಂದಾಗ ದೇವ್ರು ಬಂದಂಗಾಯ್ತು" ಅಂದರು. ಅದನ್ನು ನಾನು ಸುಮ್ನೆ ತಳ್ಳಿಹಾಕಲಾರೆ. ದಿನಾ ಹಾಸಿಗೆ ಬದಲಿಸಿದರೆ ಉಣ್ಣೆ ಹುಳ ಅಷ್ಟಾಗಿ ಕಾಡುವುದಿಲ್ಲ. ಆದರೆ ದಿನಾ ಬದಲಿಸಬೇಕು, ಅದು ನನ್ನ ಸೊಂಟವೇ ಆಗಬೇಕು.

ಯಜಮಾನರ ಜೊತೆ ಜಗಳ ಬೇರೆ ಆಯಿತು. ಪ್ರತಿ ಬೇಸಿಗೆಯಲ್ಲಿ ನಾಲ್ಕು ಲೋಡ್ ಗೊಬ್ಬರವನ್ನು ತೆಂಗು, ಅಡಿಕೆ ತೋಟದವರಿಗೆ ಮಾರುತ್ತಿದ್ದೆವು. ಲೋಡಿಗೆ 3,000 ರೂಪಾಯಿ. 12,000 ಅಂದರೆ ಮಗನ ಸ್ಕೂಲ್ ಫೀಸಿನ ಅರ್ಧ. "ಮಣ್ಣಿಗೆ ಹಾಕಿದ್ರೆ ಫೀಸು ಯಾರು ಕಟ್ತಾರೆ, ಎರೆಹುಳನಾ?" ಅಂದರು. ತಪ್ಪಿಲ್ಲ. ಕೊನೆಗೆ ಬಕ್ರೀದ್‌ಗೆ ಎರಡು ಟಗರು ಜಾಸ್ತಿ ಮಾರುವುದು, ಗೊಬ್ಬರ ಮಾರದಿರುವುದು ಅಂತ ಒಪ್ಪಂದವಾಯಿತು. ಬನ್ನೂರು ಟಗರಿಗೆ ಬೆಲೆ ಇದ್ದೇ ಇದೆ.

ಇನ್ನೊಂದು ತೀರ್ಮಾನ ಅವತ್ತೇ ಮಾಡಿದೆವು. ವರ್ಷಕ್ಕೆ ಎಂಟು ಒಂಬತ್ತು ಟನ್ ಮಾಗಿದ ಗೊಬ್ಬರ ಸಿಗಬಹುದು. ನಾಲ್ಕು ಎಕರೆಗೆ ಚೆಲ್ಲಿದರೆ ಸಾರಿಗೆ ಒಗ್ಗರಣೆ ಹಾಕಿದಷ್ಟು. ಅದಕ್ಕೆ ಮನೆ ಹೊಲದ ಎರಡು ಎಕರೆಗೆ ಮಾತ್ರ. ಬೋರೆ ಹೊಲಕ್ಕೆ ಇಲ್ಲ. ಅದರ ಬೆಲೆ ಆಮೇಲೆ ಗೊತ್ತಾಯಿತು.

2019ರಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದೆ. ನನ್ನ ತವರು ಮದ್ದೂರು ಕಡೆ, ಕಬ್ಬಿನ ಸೀಮೆ. ಕಬ್ಬು ಕಡಿದ ಮೇಲೆ ತರಗಿಗೆ ಬೆಂಕಿ ಇಡುತ್ತಾರೆ. ಇಷ್ಟೊಂದು ಇಂಗಾಲ ಸುಮ್ನೆ ಹೊಗೆಯಾಗುತ್ತದಲ್ಲ ಅಂತ ಹೊಟ್ಟೆ ಉರಿಯಿತು. ಅಣ್ಣನಿಗೆ ಹೇಳಿ ಎರಡು ಟ್ರ್ಯಾಕ್ಟರ್ ತರಗು ತರಿಸಿದೆ. ಜೂನ್‌ನಲ್ಲಿ ರೋಟವೇಟರ್ ಹೊಡೆಸಿ ಒಂದು ಎಕರೆಗೆ ಸೇರಿಸಿಬಿಟ್ಟೆ. ಜುಲೈ ಕೊನೆಗೆ ರಾಗಿ ಬಿತ್ತಿದೆವು. ಚೆನ್ನಾಗಿ ಹುಟ್ಟಿತು. ಇಪ್ಪತ್ತು ದಿನಕ್ಕೆ ಪೂರ್ತಿ ಹಳದಿ. ಪಕ್ಕದ ಎಕರೆ ಹಸಿರಾಗಿದೆ, ಇದು ಕಾಮಾಲೆ ಬಂದ ಮಗುವಿನ ಥರ.

ಹುಡುಗಿಗೆ ಫೋಟೋ ಕಳಿಸಿದೆ. ಫೋನಲ್ಲೇ ಬೈದಳು. ಕಬ್ಬಿನ ತರಗಿನಲ್ಲಿ ಒಂದು ಪಾಲು ಸಾರಜನಕಕ್ಕೆ 80ರಿಂದ 100 ಪಾಲು ಇಂಗಾಲ ಇರುತ್ತದಂತೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ತರಗಿನಲ್ಲಿ ಸಿಗದಿದ್ದರೆ ಮಣ್ಣಿನಿಂದ ಕಿತ್ತುಕೊಳ್ಳುತ್ತವೆ. ರಾಗಿ ಪೈರಿನ ತಟ್ಟೆಯಿಂದಲೇ ಕಿತ್ತುಕೊಂಡಿದ್ದವು. ಹದ ಮಳೆ ನೋಡಿ ಯೂರಿಯಾ ಚೆಲ್ಲಿ ಒಂದಿಷ್ಟು ಉಳಿಸಿಕೊಂಡೆವು. ಏಳು ಕ್ವಿಂಟಾಲ್ ಆಗುವ ಎಕರೆಯಲ್ಲಿ ನಾಲ್ಕು ಆಯಿತು. "ಗದ್ದೆ ಸೀಮೇದು ಗದ್ದೆ ಸೀಮೇಲೇ ಇರ್ಲಿ" ಅಂತ ನಮ್ಮತ್ತೆ ತೀರ್ಪು ಕೊಟ್ಟರು.

ತರಗು ನಾನು ಬಿಡಲಿಲ್ಲ, ದಾರಿ ಬದಲಿಸಿದೆ. ಈಗ ಅದು ಮೊದಲು ಹಸುವಿನ ಕಾಲಡಿ ಹಾಸಿಗೆ. ಗಂಜಲ ಕುಡಿದು, ಸಗಣಿ ಮೆತ್ತಿಕೊಂಡು ಗುಂಡಿಗೆ ಹೋಗುತ್ತದೆ. ಆರು ತಿಂಗಳಲ್ಲಿ ಗುರುತೇ ಸಿಗುವುದಿಲ್ಲ. ಮುಚ್ಚಿಗೆಗೆ ಅಂತ ತೊಗರಿ ಸಾಲಿನ ನಡುವೆ ಒಂದಿಷ್ಟು ಹರಡಿದ್ದೆ. ಸಂಕ್ರಾಂತಿ ಹೊತ್ತಿಗೆ ಗೆದ್ದಲು ನುಣ್ಣಗೆ ತಿಂದು ಮುಗಿಸಿತ್ತು. ಗೆದ್ದಲು ತಿಂದದ್ದೂ ಮಣ್ಣಿಗೇ ಅಲ್ವಾ ಅಂತ ಕೇಳಿದೆ. ಹೌದು, ಆದರೆ ಹುತ್ತ ಇರುವುದು ಪಕ್ಕದವರ ಬದುವಿನಲ್ಲಿ.

ರಸಗೊಬ್ಬರ ಪೂರ್ತಿ ಬಿಡಿ ಅಂತ ಕೆಲವರು ಹೇಳಿದರು. ನಾನು ಬಿಟ್ಟಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಮಳೆಯಾಶ್ರಿತ ರಾಗಿ ಮೇಲೆ ಒಂದೇ ಜಾಗದಲ್ಲಿ ಪ್ರಯೋಗ ನಡೆದಿದೆ. ನಮ್ಮದೇ ಥರದ ಕೆಂಪು ಮಣ್ಣು. ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಸಗೊಬ್ಬರ ಕೊಟ್ಟ ತಾಕುಗಳೇ ಇಳುವರಿಯಲ್ಲೂ ಇಂಗಾಲದಲ್ಲೂ ಮೇಲಿವೆ. ರಸಗೊಬ್ಬರ ಒಂದನ್ನೇ ಕೊಟ್ಟಲ್ಲಿ ಹಾಗಾಗಿಲ್ಲ. ಕಾರಣ ಸರಳ. ಪೈರು ಬಲವಾದರೆ ಬೇರೂ ಜಾಸ್ತಿ. ಮೇಲಿನ ಹುಲ್ಲಿಗಿಂತ ಬೇರಿನ ಇಂಗಾಲವೇ ಮಣ್ಣಲ್ಲಿ ಹೆಚ್ಚು ನಿಲ್ಲುತ್ತದೆ. ಹುಲ್ಲು ಹೇಗೂ ಹಸುವಿನ ಪಾಲು, ಬೇರಿಗೆ ಯಾವ ಹಸುವೂ ಬಾಯಿ ಹಾಕುವುದಿಲ್ಲ.

ವಿ.ಸಿ. ಫಾರ್ಮ್ ಅಂದರೆ ನಮ್ಮತ್ತೆಗೆ 'ರಾಗಿ ಲಕ್ಷ್ಮಣಯ್ಯ' ಅನ್ನುವ ಹೆಸರು ಒಂದೇ ಗೊತ್ತು. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ಮಾಡಿದವರು. ಅವರ ಫಾರ್ಮ್ ಹುಡುಗಿ ಹೇಳಿದ್ದು ಅಂದಮೇಲೆ ನಮ್ಮತ್ತೆ ಬೇರಿನ ಮಾತು ನಂಬಿದರು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕಿದೆವು. ತೊಗರಿ ಬೇರು ಆಳಕ್ಕೆ ಹೋಗುತ್ತದೆ, ಎಲೆಯನ್ನೂ ಧಾರಾಳವಾಗಿ ಉದುರಿಸುತ್ತದೆ. ರಾಗಿ ಕುಯ್ದ ಮೇಲೂ ಎರಡು ತಿಂಗಳು ಹೊಲ ಬೋಳಾಗುವುದಿಲ್ಲ. ನವಿಲಿನ ಕಾಟ ಮಾತ್ರ ಹೇಳತೀರದು.

ಸೆಣಬು ಬಿತ್ತಿ ಹೂ ಬಿಡುವಾಗ ಮಣ್ಣಿಗೆ ಸೇರಿಸುವುದನ್ನೂ ಎರಡು ವರ್ಷ ಮಾಡಿದೆ. ನೀರಾವರಿ ಇದ್ದವರು ಮಾಡಲಿ. ನಮ್ಮಲ್ಲಿ ರಾಗಿ ಕುಡಿಯಬೇಕಾದ ನೀರನ್ನು ಅದು ಮೊದಲೇ ಕುಡಿದಿರುತ್ತದೆ. ಮಗುಚಿದ ಮೇಲೆ ಮಳೆ ಬಾರದಿದ್ದರೆ ಕೊಳೆಯುವುದೂ ಇಲ್ಲ, ಕಡ್ಡಿ ಹಾಗೇ ನಿಂತು ಕೂರಿಗೆಗೆ ಸಿಕ್ಕಿಕೊಳ್ಳುತ್ತದೆ. ಈಗ ಭರಣಿ, ಕೃತ್ತಿಕೆ ಮಳೆ ಆದರೆ ಅಲಸಂದೆ ಬಿತ್ತುತ್ತೇನೆ. ಕಾಯಿ ನಮಗೆ, ಬಳ್ಳಿ ಕುರಿಗೆ, ಬೇರು ಹೊಲಕ್ಕೆ.

ಬದುವಿನ ಮೇಲೆ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) 120 ಕಡ್ಡಿ ನೆಟ್ಟಿದ್ದೆ, 80 ಬದುಕಿದವು. ಮೂರನೇ ವರ್ಷದಿಂದ ಸೊಪ್ಪು ಕಡಿಯುತ್ತೇವೆ. ದೂರದಿಂದ ಸೊಪ್ಪು ಹೊರುವುದು ತಪ್ಪಿತು. 2021ರ ಬೇಸಿಗೆಯಲ್ಲಿ ಮನೆ ಹೊಲಕ್ಕೆ ಕೆರೆ ಗೋಡು, ಅಂದರೆ ಕೆರೆ ತಳದ ಹೂಳು ಹೊಡೆಸಿದೆವು. ಗರಸು ಮಣ್ಣಿಗೆ ಇಂಗಾಲ ಹಿಡಿದಿಡಲು ಕೈ ಇಲ್ಲ, ಗೋಡಿನ ಜೇಡಿ ಆ ಕೆಲಸ ಮಾಡುತ್ತದೆ.

ಶಿರಾ, ಹಿರಿಯೂರು ಕಡೆಯ ಕುರಿ ಮಂದೆಯವರು ಬೇಸಿಗೆಯಲ್ಲಿ ನಮ್ಮೂರ ಮೇಲೆ ಹಾದುಹೋಗುತ್ತಾರೆ. 300 ಕುರಿಯನ್ನು ಐದು ರಾತ್ರಿ ಹೊಲದಲ್ಲಿ ಮಂದೆ ಹಾಕಿಸಿದೆ. ರಾತ್ರಿಗಿಷ್ಟು ಅಂತ ದುಡ್ಡು, ಮೇಲೆ ರಾಗಿ. ಹಿಕ್ಕೆ, ಉಚ್ಚೆ ಎರಡೂ ನೇರ ಹೊಲಕ್ಕೆ, ಹೊರುವ ಹಂಗಿಲ್ಲ. ಮಂಕರಿ ಹೊತ್ತವರಿಗೇ ಗೊತ್ತು ಅದರ ಸುಖ. ಬೆಳಗಿನ ಜಾವ ಹೊಲದಿಂದ ಬರುವ ಆ ಘಾಟು ನನಗೆ ಮಲ್ಲಿಗೆ ಥರ.

ಅದೇ ವರ್ಷ ಮಣ್ಣು ಪರೀಕ್ಷೆಗೆ ಮತ್ತೆ ಕಳಿಸಿದೆ. ಈ ಸಲ ನಾನೊಬ್ಬಳೇ ಮಾದರಿ ತೆಗೆದೆ. 0.71 ಬಂತು! ಮೂರೇ ವರ್ಷಕ್ಕೆ ಹೆಚ್ಚುಕಡಿಮೆ ಎರಡರಷ್ಟು. ಮನೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದೆ. ಹುಡುಗಿಗೆ ಫೋನ್ ಮಾಡಿದರೆ ಅವಳು ಕುಣಿಯಲಿಲ್ಲ. "ಎಲ್ಲೆಲ್ಲಿ ತೆಗೆದ್ರಿ ಅತ್ತೆ?" ಅಂತ ಕೇಳಿದಳು. ನೆನಪು ಮಾಡಿಕೊಂಡೆ. ಬಿಸಿಲು ಅಂತ ಹೊಲದ ಈಚೆ ಅಂಚಿನಲ್ಲೇ ನಾಲ್ಕು ಗುಂಡಿ ತೆಗೆದಿದ್ದೆ. ವರ್ಷವೂ ಟ್ರೈಲರ್ ಗೊಬ್ಬರ ಸುರಿದು ನಿಲ್ಲಿಸುವ ಜಾಗ ಅದು. ನಾನು ಹೊಲವನ್ನಲ್ಲ, ಗೊಬ್ಬರದ ಗುಡ್ಡೆಯ ತಳವನ್ನು ಪರೀಕ್ಷೆ ಮಾಡಿಸಿದ್ದೆ. ಮತ್ತೆ ಸರಿಯಾಗಿ ತೆಗೆದು ಕಳಿಸಿದಾಗ ಬಂದಿದ್ದು 0.41. ಪಾಯಸ ಅರಗಿ ಹೋಗಿತ್ತು.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ ಅಂತ ಅವತ್ತೇ ಕೇಳಿ ತಿಳಿದೆ. ಒಂದು ಚಿಟಿಕೆ ಮಣ್ಣಿಗೆ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್, ಮೇಲೆ ಗಂಧಕಾಮ್ಲ ಹಾಕುತ್ತಾರೆ. ಇಂಗಾಲ ಇದ್ದಷ್ಟು ಆ ರಾಸಾಯನಿಕ ಖರ್ಚಾಗುತ್ತದೆ. ಉಳಿದದ್ದನ್ನು ಅಳೆದು ಇಂಗಾಲ ಎಷ್ಟಿತ್ತು ಅಂತ ಹೇಳುತ್ತಾರೆ. ಒಂದು ಚಿಟಿಕೆ ಮಣ್ಣು ಎರಡು ಎಕರೆಗೆ ಸಾಕ್ಷಿ ಹೇಳಬೇಕು. ಹಾಗಾಗಿ ಈಗ ಹನ್ನೆರಡು ಜಾಗಕ್ಕೂ ಬದುವಿನ ಕಲ್ಲಿನ ಮೇಲೆ ಸುಣ್ಣದ ಗುರುತು ಹಾಕಿಟ್ಟಿದ್ದೇನೆ. ಅದೇ ಜಾಗ, ಅದೇ ಆಳ, ಯುಗಾದಿ ಆಸುಪಾಸಿನ ಅದೇ ತಿಂಗಳು.

2022ರಲ್ಲಿ ಮಳೆ ಬೇಡ ಅನ್ನುವಷ್ಟು ಬಂತು. ಬೋರೆ ಹೊಲದಲ್ಲಿ ಎರಡು ಕಡೆ ಬದು ಕಿತ್ತು ಮೊಣಕಾಲುದ್ದದ ಕೊರಕಲು ಬಿತ್ತು. ಮನೆ ಹೊಲದಲ್ಲೂ ನೀರು ನಿಂತಿತು, ಆದರೆ ಹರಿದ ನೀರು ಅಷ್ಟು ಕೆಂಪಗಿರಲಿಲ್ಲ. 2023ರಲ್ಲಿ ಅದಕ್ಕೆ ಉಲ್ಟಾ. ರಾಜ್ಯದ ಇನ್ನೂರಕ್ಕೂ ಹೆಚ್ಚು ತಾಲೂಕು ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಬೋರೆ ಹೊಲದ ರಾಗಿ ತೆನೆ ಕಟ್ಟಲೇ ಇಲ್ಲ, ಹಸಿಯಾಗಿ ಕುಯ್ದು ಹಸುವಿಗೆ ಹಾಕಿದೆವು. ಮನೆ ಹೊಲದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಸಿಕ್ಕಿತು. ಎಲ್ಲ ಇಂಗಾಲದ ಮಹಿಮೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅಲ್ಲಿ ಗೋಡು ಇತ್ತು, ಗೊಬ್ಬರದ ಸತ್ವ ಇತ್ತು, ಬೋರೆಗಿಂತ ತಗ್ಗಿನ ಜಾಗ ಬೇರೆ.

2024ರ ಯುಗಾದಿಗೆ ಮೂರನೇ ಸಲ ಮಾದರಿ ಕಳಿಸಿದೆವು. ಮನೆ ಹೊಲ 0.49.

ಆರು ವರ್ಷ, ಎಕರೆಗೆ ಸುಮಾರು 25 ಟನ್ ಗೊಬ್ಬರ, ಗೋಡು, ಮಂದೆ, ಸೊಪ್ಪು, ನನ್ನ ಸೊಂಟ. 0.11 ಏರಿತ್ತು. ಚೀಟಿಯಲ್ಲಿ ಈಗಲೂ 'ಕಡಿಮೆ' ಅಂತಲೇ ಅಚ್ಚಾಗಿದೆ. 0.5 ಮುಟ್ಟಬೇಕಿತ್ತಲ್ಲ! ಯಜಮಾನರು ನಕ್ಕರು. "ಒಂದು ಮಾರ್ಕಲ್ಲಿ ಫೇಲು" ಅಂದರು.

ಬೋರೆ ಹೊಲದ್ದು 0.33. ಆರು ವರ್ಷದ ಹಿಂದೆ 0.36 ಇತ್ತು. ಇಷ್ಟು ಸಣ್ಣ ಅಂತರ ಪರೀಕ್ಷೆಯ ಹೆಚ್ಚುಕಡಿಮೆಯೂ ಇರಬಹುದು ಅಂತ ಹುಡುಗಿ ಹೇಳಿದಳು. ನನಗೆ ಹಾಗನ್ನಿಸಲಿಲ್ಲ. ಬೋರೆ ಹೊಲದ ಹುಲ್ಲೆಲ್ಲ ಎಲ್ಲಿ ಹೋಯಿತು? ಮೆದೆಗೆ ಬಂತು, ಹಸು ತಿಂದಿತು, ಸಗಣಿಯಾಯಿತು, ಗುಂಡಿಗೆ ಹೋಗಿ ಮನೆ ಹೊಲಕ್ಕೆ ಬಿತ್ತು. ಬೋರೆಗೆ ಒಂದು ಮಂಕರಿಯೂ ವಾಪಸ್ ಹೋಗಲಿಲ್ಲ. ಮದ್ದೂರಿನ ತರಗು, ಕೆರೆಯ ಗೋಡು, ಮಂದೆಯವರ ಕುರಿ, ಅವೂ ಬೇರೆಯವರ ನೆಲದ್ದೇ. ನಾನು ಹುಟ್ಟಿಸಿದ್ದು ಎಷ್ಟು, ಬರೀ ಜಾಗ ಬದಲಿಸಿದ್ದು ಎಷ್ಟು ಅಂತ ಆ ರಾತ್ರಿ ತುಂಬ ಹೊತ್ತು ಯೋಚಿಸಿದೆ. ತೊಗರಿ ಬೇರು, ಬದುವಿನ ಸೊಪ್ಪು, ಚರಂಡಿಗೆ ಹೋಗದೆ ಉಳಿದ ಗಂಜಲ, ಇಷ್ಟು ನಿಜವಾಗಿ ನನ್ನದು.

ಇದೇ ಸಮಯಕ್ಕೆ ಇಬ್ಬರು ಬೈಕಿನಲ್ಲಿ ಬಂದರು. ಮಣ್ಣಿನಲ್ಲಿ ಇಂಗಾಲ ಕೂಡಿಸಿದರೆ ಕಂಪನಿಯವರು ದುಡ್ಡು ಕೊಡುತ್ತಾರೆ, ಕಾರ್ಬನ್ ಕ್ರೆಡಿಟ್ ಅಂತ, ಸಹಿ ಹಾಕಿ ಅಂದರು. ಎಷ್ಟು ವರ್ಷ ಒಪ್ಪಂದ, ನಡುವೆ ಹೊಲ ಉಳುಮೆ ಮಾಡಿದರೆ ಏನಾಗುತ್ತದೆ ಅಂತ ಕೇಳಿದರೆ ಸರಿಯಾಗಿ ಹೇಳಲಿಲ್ಲ. ನಾನು ಹಿಂದಿನ ವಾರದ ಲೆಕ್ಕವನ್ನೇ ತೆಗೆದೆ. ಮನೆ ಹೊಲದ ಎರಡು ಎಕರೆಯಲ್ಲಿ ಕೂಡಿದ್ದು ಸುಮಾರು 1,980 ಕೆಜಿ ಇಂಗಾಲ. ಬೋರೆಯಲ್ಲಿ ಕಳೆದಿದ್ದು 540. ಉಳಿದದ್ದು 1,440. ಇದನ್ನು ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಬೇಕು, 5.3 ಟನ್ ಆಗುತ್ತದೆ. ಟನ್ನಿಗೆ ಸಾವಿರ ರೂಪಾಯಿ ಅಂತಲೇ ಇಟ್ಟುಕೊಳ್ಳಿ, ಆರು ವರ್ಷಕ್ಕೆ 5,300 ರೂಪಾಯಿ.

"ಎರಡು ಲೋಡ್ ಗೊಬ್ಬರದ ದುಡ್ಡೂ ಆಗಲ್ವಲ್ಲಣ್ಣ" ಅಂದೆ.

ಅವರು ಬೋರೆ ಹೊಲದ ಲೆಕ್ಕ ಯಾಕೆ ಸೇರಿಸಿದ್ರಿ, ಮನೆ ಹೊಲ ಮಾತ್ರ ತೋರಿಸಿದರೆ ಸಾಕು ಅಂದರು. ನಮ್ಮತ್ತೆ ಕೊಟ್ಟಿಗೆಯಿಂದ ಹೊರಗೆ ಬಂದು, ಕೈಯಲ್ಲಿದ್ದ ಸಗಣಿ ಒರೆಸಿಕೊಳ್ಳುತ್ತ, ಮಜ್ಜಿಗೆ ಕುಡಿದು ಹೋಗಿ ಅಂದರು. ಅಲ್ಲಿಗೆ ಮಾತು ಮುಗಿಯಿತು.

ಈ ವರ್ಷ ಬೋರೆ ಹೊಲದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಮೂರನೇ ಗುಂಡಿ ತೆಗೆಸಿದ್ದೇವೆ. ರಾಗಿ ಒಕ್ಕಣೆ ಅಲ್ಲೇ ಮಾಡಿ ಹೊಟ್ಟು, ಮುರುಕು ಕಡ್ಡಿ ಅಲ್ಲೇ ಗುಂಡಿಗೆ ಹಾಕುವುದು. ಹಗಲು ಕುರಿ ಅಲ್ಲೇ ಮೇಯಿಸುವುದು. ವಾರಕ್ಕೊಮ್ಮೆ ಗೂಡ್ಸ್ ಆಟೋದಲ್ಲಿ ಸಗಣಿ ಕಳಿಸುವುದು. ಯಜಮಾನರು ಆಟೋ ನಾರುತ್ತದೆ ಅಂತ ಗೊಣಗಿ ಒಪ್ಪಿದ್ದಾರೆ.

ಗುಂಡಿ ನೋಡಲು ಬಂದ ನಮ್ಮತ್ತೆ ಸುತ್ತ ಒಂದು ಸಲ ನಡೆದರು. ಅಲ್ಲಿ ಬಚ್ಚಲ ನೀರಿಲ್ಲ, ಬೋರಿಲ್ಲ, ಹತ್ತಿರದ ಕೊಳಾಯಿಗೆ ಮುಕ್ಕಾಲು ಕಿಲೋಮೀಟರ್.

"ಗುಂಡಿ ಏನೋ ಚೆಂದಾಗದೆ" ಅಂದರು. "ಇದುಕ್ಕೆ ನೀರು ಯಾರಮ್ಮಿ ಹೊರೋರು?"